ಸ್ಮೈಲಿ ಚೆಂಡು ಕೊಟ್ರು, ಎರಡು ಗಂಟೆ ಪರ್ಮಿಷನ್ ಕೊಡ್ಲಿಲ್ಲ

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಹಾಸನದ ನಮ್ಮ ಆಫೀಸಲ್ಲೂ ಕಾರ್ಯಕ್ರಮ ಮಾಡಿದ್ರು ಕಣ್ರೀ. ಬೆಂಗಳೂರಿಂದ ಯಾರೋ ಟ್ರೈನರ್ ಬಂದು ಅರ್ಧ ಗಂಟೆ ಉಸಿರು ಎಳೆಸಿ, ಬಿಡಿಸಿ, ಎಲ್ರ ಕೈಗೂ ಒಂದೊಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು ಹೋದ್ರು. ಟೆನ್ಷನ್ ಆದಾಗ ಹಿಸುಕಬೇಕಂತೆ. ಮ್ಯಾನೇಜರ್ ಸಾಹೇಬ್ರು ಮೈಕ್ ಹಿಡಿದು "ಏನೇ ಇದ್ರೂ ಬಂದು ಹೇಳ್ಕೊಳ್ಳಿ, ನನ್ನ ಬಾಗಿಲು ಯಾವಾಗ್ಲೂ ತೆಗೆದೇ ಇರುತ್ತೆ" ಅಂದ್ರು. ಹಾಸನಾಂಬೆ ಬಾಗಿಲಾದ್ರೂ ವರ್ಷಕ್ಕೊಂದ್ಸಲ ತೆಗೀತಾರೆ, ಇವರದ್ದು ತೆಗೆದಿದ್ದನ್ನ ನಾನಂತೂ ನೋಡಿರ್ಲಿಲ್ಲ. ಆದ್ರೂ ನಂಬಿದೆ. ನನ್ನ ತಪ್ಪು.

ನಾಲ್ಕು ತಿಂಗಳಿಂದ ನಿದ್ದೆ ಸರಿಯಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಎದೆ ಡವಡವ, ಕಣ್ಮುಂದೆ ಬರೋದೇ ಕಲೆಕ್ಷನ್ ಶೀಟು. ನಮ್ಮೂರ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗಕ್ಕೆ ಹೋಗ್ಬೇಕು, ಎರಡು ಗಂಟೆ ಪರ್ಮಿಷನ್ ಕೊಡಿ ಸಾರ್ ಅಂದೆ. "ನಿಂಗೇನಾಗಿದೆ? ಚೆನ್ನಾಗೇ ಇದೀಯಲ್ಲಮ್ಮ! ಟಾರ್ಗೆಟ್ ಮುಗಿಸು, ನಿದ್ದೆ ತಾನಾಗೇ ಬರುತ್ತೆ." ಸಂಜೆ ಟೀ ಹೊತ್ತಿಗೆ ಆಫೀಸಿಗೆಲ್ಲ ಗೊತ್ತು. ಒಬ್ರು ಪಕ್ಕಕ್ಕೆ ಕರೆದು "ಮಾತ್ರೆ ಮಾತ್ರ ಶುರು ಮಾಡ್ಬೇಡ, ಆಮೇಲೆ ಬಿಡಕ್ಕಾಗಲ್ಲ" ಅಂತ ಬುದ್ಧಿ ಬೇರೆ ಹೇಳಿದ್ರು. ಇದೇ ಮನುಷ್ಯರಿಗೆ ಡೆಂಗ್ಯೂ ಬಂದಾಗ ವಾರ ಪೂರ್ತಿ ರಜೆ, ಎಳನೀರು ಹಿಡ್ಕೊಂಡು ನಾವೆಲ್ಲ ನೋಡಕ್ಕೆ ಹೋಗಿದ್ವಿ.

ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಚಿಕಿತ್ಸೆಲಿ, ಇನ್ಶೂರೆನ್ಸಲ್ಲಿ ಭೇದ ಮಾಡ್ಬಾರ್ದು ಅಂತ 2017ರಲ್ಲೇ ಕಾಯ್ದೆ ಬಂದಿದೆ. ನಮ್ಮ ಪರ್ಮಿಷನ್ ಸ್ಲಿಪ್ಪಿನ ತನಕ ಬಂದಿಲ್ಲ, ಅಷ್ಟೆ.

ಇನ್ನೊಂದು ಕೇಳಿ. ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ ಇದೆಯಲ್ಲ, ಟೆಲಿ ಮಾನಸ್, ಅದರ ಪೋಸ್ಟರನ್ನ ನೋಟಿಸ್ ಬೋರ್ಡಿಗೆ ಅಂಟಿಸಿದಾರೆ. 14416, ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅದರ ಅರ್ಧದ ಮೇಲೆ ಟಾರ್ಗೆಟ್ ಮುಟ್ಟದವರ ಪಟ್ಟಿ ಪಿನ್ ಮಾಡಿದಾರೆ, ಕೆಂಪು ಇಂಕಲ್ಲಿ. 144 ಕಾಣುತ್ತೆ, ಉಳಿದೆರಡು ಅಂಕಿ ನನ್ನ ಹೆಸರಿನ ಹಿಂದೆ! ನಾನೇ ಮೊಬೈಲಲ್ಲಿ ನಂಬರ್ ಹುಡುಕಿ ಒಂದು ರಾತ್ರಿ ಫೋನ್ ಮಾಡಿದೆ. ಮುಖ ಕಾಣದ ಆ ಹೆಣ್ಣುಮಗಳು ನಡುವೆ ಬಾಯಿ ಹಾಕದೆ ಕೇಳಿಸ್ಕೊಂಡ್ರು. ಆಸ್ಪತ್ರೆಗೆ ತೋರಿಸಿ ಅಂದಿದ್ದೂ ಅವ್ರೇ.

ಸಂಬಳ ಕಟ್ ಆದ್ರೆ ಆಗ್ಲಿ ಅಂತ ಅರ್ಧ ದಿನ ರಜೆ ಹಾಕಿ ಹೋಗಿ ಬಂದೆ. ಹದಿನೈದು ದಿನ ಬಿಟ್ಟು ಮತ್ತೆ ಬನ್ನಿ ಅಂದಿದಾರೆ ಡಾಕ್ಟ್ರು. ಅದು ಸರಿಯಾಗಿ ಮಂತ್ ಎಂಡಿಗೆ ಬಿದ್ದಿದೆ. ಈ ಸಲ ಹಲ್ಲುನೋವು ಅಂತೀನಿ.