ಮಗನಿಗೆ ಆ ಮಾತು ಹೇಳಬೇಡಿ

ಕಾಯಿಲೆಯಲ್ಲಿರುವ ನನ್ನ ಗಂಡನನ್ನು ಮಾತಾಡಿಸಲು ಬರುವ ಎಲ್ಲರಿಗೂ ಒಂದು ಕಳಕಳಿಯ ವಿನಂತಿ. ಬರಿಗೈಲಿ ಬನ್ನಿ, ನಡೆಯುತ್ತದೆ. ಆದರೆ ನನ್ನ ಮಗನಿಗೆ "ನೀ ಹಿಂಗ ದಾಂದಲೆ ಮಾಡಿದ್ರ ನಿಮ್ಮಪ್ಪಗ ಹೆಚ್ಚಾಗ್ತದ ನೋಡು" ಅಂತ ಮಾತ್ರ ಹೇಳಬೇಡಿ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಇವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಒಂದೂವರೆ ವರ್ಷವಾಯಿತು. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ 4 ಗಂಟೆ. ಮಗನಿಗೆ 8 ವರ್ಷ. ಅವನಿಗೆ ಎಡಿಎಚ್‌ಡಿ ಇದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯಲ್ಲಿ ತೋರಿಸಿದಾಗ ಗೊತ್ತಾಗಿದ್ದು, ಇವರು ಕಾಯಿಲೆ ಬೀಳುವ ಮೊದಲೇ. ಒಂದು ಕಡೆ ಕೂರುವುದಿಲ್ಲ. ಮಾತು ಮುಗಿಯುವಷ್ಟರಲ್ಲಿ ಓಡಿರುತ್ತಾನೆ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತದೆ. ಎರಡು ಏಟು ಬಿದ್ದರೆ ಸರಿ ಹೋಗುತ್ತಾನೆ ಅನ್ನುವವರು ತುಂಬಾ ಜನ. ಅದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಏಟಿಗೆ ಹೋಗುವಂಥದ್ದಲ್ಲ.

ಡಯಾಲಿಸಿಸ್ ಶುರುವಾದ ಮೇಲೆ ಅವನ ಎಲ್ಲವೂ ಜಾಸ್ತಿಯಾಯಿತು. ರಾತ್ರಿ ಹಾಸಿಗೆ ಒದ್ದೆ. ಶಾಲೆಯಲ್ಲಿ ಒಬ್ಬ ಹುಡುಗನ ಕೈ ಕಚ್ಚಿದ. ನಾನೂ ಹೊಡೆದಿದ್ದೇನೆ. ಆಸ್ಪತ್ರೆಯಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಒಂದು ರಾತ್ರಿ ಲೈಟ್ ಆರಿಸಿದ ಮೇಲೆ ಮೆಲ್ಲಗೆ ಕೇಳಿದ: "ಅವ್ವಾ, ನಾ ಒದರಿದ್ದಕ್ಕ ಅಪ್ಪನ ಕಿಡ್ನಿ ಕೆಟ್ಟಾವೇನು?"

ಎಷ್ಟು ತಿಂಗಳಿಂದ ಹೊತ್ತುಕೊಂಡಿದ್ದನೋ. ಇವರ ಕಿಡ್ನಿ ಕೆಟ್ಟಿದ್ದು ಹದಿನೈದು ವರ್ಷದ ಶುಗರ್‌ನಿಂದ. ಅಷ್ಟು ವರ್ಷದ ಹಿಂದೆ ಈ ಹುಡುಗ ಹುಟ್ಟಿಯೇ ಇರಲಿಲ್ಲ!

ಮರುದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆ ಇದ್ದವರು ಸಮಾಧಾನವಾಗಿ ಹೇಳಿದರು. ಈ ವಯಸ್ಸಿನ ಮಕ್ಕಳು ಮನೆಯಲ್ಲಿ ಕೆಟ್ಟದ್ದೇನಾದರೂ ಆದರೆ ತಮ್ಮಿಂದಲೇ ಆಯಿತು ಅಂದುಕೊಳ್ಳುತ್ತಾರಂತೆ. ಕಾಯಿಲೆಯ ಹೆಸರು ಹೇಳಿ, ನಿನ್ನಿಂದ ಬಂದಿದ್ದಲ್ಲ ಅಂತ ಬಾಯಿಬಿಟ್ಟು ಹೇಳಿ, ಒಂದೇ ಸಲ ಹೇಳಿದರೆ ಸಾಲದು ಅಂದರು. ನಾವೋ, ಅಲ್ಲಿಯವರೆಗೆ "ಅಪ್ಪ ಕೆಲಸಕ್ಕೆ ಹೋಗ್ಯಾನ" ಅಂತ ಸುಳ್ಳು ಹೇಳಿಕೊಂಡೇ ಬಂದಿದ್ದೆವು.

ಚಹಾ ಸೋಸುತ್ತಾ ಕಿಡ್ನಿ ಅಂದರೆ ಏನು ಅಂತ ತೋರಿಸಿದೆ. ಒಂದಿನ ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇವರ ಎಡಗೈಯಲ್ಲಿ ಫಿಸ್ಟುಲಾ ಇದೆ. ಡಯಾಲಿಸಿಸ್ ಸೂಜಿ ಹಾಕಲು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಅದು. ಬೆರಳಿಟ್ಟರೆ ಒಳಗೆ ಜುಮು ಜುಮು ಅನ್ನುತ್ತದೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಲ್ಲಿನ ಸಿಸ್ಟರ್ ಮಗನ ಬೆರಳು ಹಿಡಿದು ಮೆತ್ತಗೆ ಅಲ್ಲಿಟ್ಟರು. ಎರಡು ನಿಮಿಷ ಅಲುಗಾಡಲಿಲ್ಲ. ಎರಡು ನಿಮಿಷ! ಈಗ ದಿನಾ ಬೆಳಿಗ್ಗೆ ಹಾಸಿಗೆಯಿಂದ ಎದ್ದವನೇ ಅಪ್ಪನ ಕೈ ನೋಡುತ್ತಾನೆ. "ಓಡಾಕತ್ತದ ಅವ್ವಾ" ಅಂತ ಕೂಗುತ್ತಾನೆ. ಆ ಕೂಗು ಕೇಳಿದ ಮೇಲೆಯೇ ನಾನು ಚಹಾಕ್ಕೆ ಇಡುವುದು.

ಹಾಗಂತ ಅವನು ಬದಲಾಗಿಬಿಟ್ಟ ಅಂತಲ್ಲ. ಮೊನ್ನೆ ಕೂಡ ಟಿವಿ ರಿಮೋಟ್ ಒಡೆದ. ಆದರೆ ಹಾಸಿಗೆ ಒದ್ದೆಯಾಗುವುದು ನಿಂತಿದೆ.

ಹೋದ ತಿಂಗಳು ದೊಡ್ಡವ್ವ ಬಂದಿದ್ದರು, ಪ್ರೀತಿಯಿಂದ ಎಳನೀರು ತಂದಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಲೋಟ ಬಿದ್ದ ಸದ್ದಾಯಿತು. ಬಂದು ನೋಡಿದರೆ ನೆಲದ ತುಂಬಾ ಎಳನೀರು, ದೊಡ್ಡವ್ವನ ಸೀರೆಯೂ ಒದ್ದೆ. "ಎಂಥಾ ಹುಡುಗನ ಹಡದೀವಾ" ಅಂದರು. ಇವನು ನಡುಗುತ್ತಾ ನಿಂತಿದ್ದ. "ಅಪ್ಪಾ, ಅದ್ರಾಗ ಪೊಟ್ಯಾಶಿಯಂ ಅದ, ಕುಡೀಬ್ಯಾಡ!"

ಅವನು ಹೇಳಿದ್ದು ಸರಿ ಇತ್ತು. ಎಳನೀರು, ಬಾಳೆಹಣ್ಣು, ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲೇ ಉಳಿದು ಎದೆ ಬಡಿತ ಕೆಡಿಸುತ್ತದೆ. ಹಿರಿಯರ ಮನಸ್ಸು ನೋಯಿಸಬಾರದು ಅಂತ ಇವರು ಸುಮ್ನೆ ಲೋಟ ತಗೊಂಡಿದ್ದರು. ಅಲ್ಲಿದ್ದವರಲ್ಲಿ ಬೇಡ ಅನ್ನುವ ಧೈರ್ಯ ಬಂದಿದ್ದು ಅವನೊಬ್ಬನಿಗೇ. ನಾನು ಅವನನ್ನು ಬೈಯಲಿಲ್ಲ. ಎಲ್ಲರೆದುರಿಗೇ ಅಪ್ಪಿಕೊಂಡೆ. ದೊಡ್ಡವ್ವ ಮುನಿಸಿಕೊಂಡೇ ಹೋದರು.

ನಿನ್ನೆ ಅವರ ಫೋನ್ ಬಂತು. ಭಾನುವಾರ ಬರುತ್ತಾರಂತೆ. ಏನು ತರಲಿ ಅಂತ ಕೇಳಿ, ನಾನು ಬಾಯಿ ತೆಗೆಯುವಷ್ಟರಲ್ಲೇ "ನಿಂಗ ಬ್ಯಾಡ, ಅವನ ಕೈಯಾಗ ಕೊಡು" ಅಂದರು. ಕೊಟ್ಟೆ.

"ಸೇಬು ತಗೊಂಡ್ ಬಾ ದೊಡ್ಡವ್ವಾ. ಎರಡ ಸಾಕು."