ಕಾಗದದ ಪಟ್ಟಿ ಮೂಸಿ ಊದ್ ಸುಗಂಧ ಕೊಳ್ಳಬೇಡಿ

ಸಾವಿರಾರು ರೂಪಾಯಿಯ ಸುಗಂಧದ ಬಾಟಲಿ. ಅಂಗಡಿಯಲ್ಲಿ ಪರಿಮಳ ಸಿಂಪಡಿಸಿ ಕೊಡುವ ಕಾಗದದ ಪಟ್ಟಿಯನ್ನು ಎರಡು ನಿಮಿಷ ಮೂಗಿನ ಹತ್ತಿರ ಆಡಿಸಿ ಒಬ್ಬರು ಬಿಲ್ ಹಾಕಿಸಿದರು. ಇವತ್ತು ಕಣ್ಣೆದುರೇ ನಡೆದದ್ದು. ಸಿಟ್ಟು ಇನ್ನೂ ಇಳಿದಿಲ್ಲ.

ಅದೂ ಎಂಥ ಎರಡರ ನಡುವಿನ ಆಯ್ಕೆ! ಮೊಂಟಾಲ್ ಎಂಬ ಸುಗಂಧ ಕಂಪನಿಯ ಬ್ಲ್ಯಾಕ್ ಊದ್, ಮೇಜೋ ಫ್ರಾನ್ಸಿಸ್ ಕುರ್ಕ್‌ಜಾನ್ ಎಂಬ ಇನ್ನೊಂದು ಕಂಪನಿಯ ಊದ್ ಸ್ಯಾಟಿನ್ ಮೂಡ್. ಎರಡರಲ್ಲೂ ಗುಲಾಬಿ, ಎರಡರಲ್ಲೂ ಊದ್, ಅಂದರೆ ನಮ್ಮ ಅಗರು. ಸ್ವಭಾವ ಮಾತ್ರ ಪೂರ್ತಿ ಬೇರೆ.

2006ರ ಬ್ಲ್ಯಾಕ್ ಊದ್ ಒಣ, ಖಡಕ್. ಗುಲಾಬಿಯ ಬೆನ್ನಿಗೆ ಪಚೋಲಿ ಎಂಬ ಗಿಡದೆಲೆಯ ಮಣ್ಣಿನಂಥ ವಾಸನೆ. ಶುರುವಿನಲ್ಲಿ ಔಷಧಿಯಂಥ ಘಾಟು ಹೊಡೆಯುತ್ತದೆ. ಅದಕ್ಕೇ ಹೆದರಿ ಕೆಳಗಿಡುವವರು, ಘಾಟು ಇಳಿದ ಮೇಲೆ ಅರಳುವ ಆ ಗಾಢ ಗುಲಾಬಿಯನ್ನು ಮೂಸುವುದೇ ಇಲ್ಲ. 2015ರ ಸ್ಯಾಟಿನ್ ಮೂಡ್‌ನಲ್ಲಿ ವಯೊಲೆಟ್ ಹೂವು, ವೆನಿಲ್ಲಾ, ಸಾಂಬ್ರಾಣಿ. ಮೊದಲ ಉಸಿರಿಗೇ ಮರುಳಾಗುತ್ತೀರಿ. ಆದರೆ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ, ಬಾಗಿಲು ಮುಚ್ಚಿದ ಕಾರಿನಲ್ಲಿ, ಅದೇ ಸಿಹಿ ಪಾಕದ ಹಾಗೆ ಗಟ್ಟಿಯಾಗಿ ತಲೆ ಹಿಡಿಯುತ್ತದೆ.

ಇದನ್ನೆಲ್ಲ ಪಟ್ಟಿ ಹೇಳೀತೇ? ಕಾಗದಕ್ಕೆ ಮೈಬಿಸಿ ಇಲ್ಲ, ಬೆವರಿಲ್ಲ, ಎಣ್ಣೆಯಂಶವಿಲ್ಲ. ಹಗುರ ವಾಸನೆಗಳು ಮೊದಲು ಹಾರುತ್ತವೆ. ಊದ್, ವೆನಿಲ್ಲಾ, ಪಚೋಲಿ ನಿಧಾನಕ್ಕೆ ಮೇಲೇಳುತ್ತವೆ. ನೀವು ದಿನವಿಡೀ ಹೊತ್ತು ತಿರುಗುವುದು ಆ ಕೊನೆಯ ಭಾಗವನ್ನು.

ಮೈಮೇಲೇ ಹಾಕಿ ನೋಡಿ: ಎಡ ಮಣಿಕಟ್ಟಿಗೆ ಒಂದು, ಬಲಕ್ಕೆ ಇನ್ನೊಂದು, ತಲಾ ಒಂದೇ ಸ್ಪ್ರೇ, ಅರ್ಧ ಅಡಿ ದೂರದಿಂದ. ಕೈಗಳನ್ನು ಉಜ್ಜಬೇಡಿ: ಎರಡೂ ಕಲಸಿಹೋಗುತ್ತವೆ. ಅಂಗಡಿಯಿಂದ ಹೊರಗೆ ಬನ್ನಿ. ಅಲ್ಲಿನ ಗಾಳಿಯಲ್ಲೇ ಹತ್ತು ಪರಿಮಳ ತೇಲುತ್ತಿರುತ್ತವೆ. ಅರ್ಧ ಗಂಟೆ, ಮೂರು ಗಂಟೆ, ಆರು ಗಂಟೆ ಕಳೆದ ಮೇಲೆ ಮೂಸಿ. ನಡುವೆ ಮೂಗು ದಣಿದರೆ ಕಾಫಿ ಬೀಜ ಬೇಡ, ಅದೂ ಇನ್ನೊಂದು ವಾಸನೆಯೇ. ಬರೀ ಗಾಳಿ ಸಾಕು.

"ನನಗೇನು ಇಷ್ಟ ಅಂತ ಒಂದೇ ಉಸಿರಿಗೆ ಗೊತ್ತಾಗುತ್ತೆ" ಅನ್ನುವವರಿದ್ದಾರೆ. ಲಿಂಬೆ, ಕಿತ್ತಳೆಯಂಥ ಹಗುರ ಪರಿಮಳಕ್ಕೆ ಒಪ್ಪುತ್ತೇನೆ. ಊದ್‌ಗೆ ಖಂಡಿತ ಒಪ್ಪಲಾರೆ. ಸಮಯವಿಲ್ಲದಿದ್ದರೆ 5 ಮಿ.ಲೀ. ಸಣ್ಣ ಶೀಶೆ ತಗೊಂಡು ವಾರ ಹಚ್ಚಿ ನೋಡಿ.

ನನ್ನನ್ನು ಕೇಳಿದರೆ ಕರಾವಳಿಯವರಿಗೆ ಬ್ಲ್ಯಾಕ್ ಊದ್, ಅದೂ ಸಂಜೆಗೆ ಒಂದೇ ಸ್ಪ್ರೇ. ಬೆಂಗಳೂರಿನ ಡಿಸೆಂಬರ್ ಮದುವೆಗೆ ಸ್ಯಾಟಿನ್ ಮೂಡ್, ಎರಡು ಸ್ಪ್ರೇ. ಮೈಗೆ ಹಾಕಿ, ಒಣಗಿದ ಮೇಲೆ ರೇಷ್ಮೆ ಉಡಿ. ಬಿಳಿ ರೇಷ್ಮೆ ಮೇಲೆ ನೇರ ಸಿಂಪಡಿಸಿದರೆ ಕಲೆ ಉಳಿದೀತು.