ಹಾ ತೋಸಿಗೆ ಮಸಾಲೆ ಬೇಡ

ಹಾಂಗ್‌ಕಾಂಗಿಗೆ ಬಂದ ಹೊಸತು. ಆಫೀಸಿನವರ ಜೊತೆ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಯಾರೋ ಮಾಣಿಯನ್ನು ಕರೆದು "ಹಾ ತೋಸಿ" ತರಲು ಹೇಳಿದರು. ಊರು ಬಿಟ್ಟು ಮೂರು ವಾರವಾಗಿತ್ತು, ನನ್ನ ಕಿವಿಗೆ ಅದು ದೋಸೆ ಅಂತಲೇ ಬಿತ್ತು. ಬಂದದ್ದು ತ್ರಿಕೋನಾಕಾರದ ಬ್ರೆಡ್ ತುಂಡು. ಮೇಲೆ ಬೆರಳು ದಪ್ಪ ಸಿಗಡಿಯ ಮುದ್ದೆ, ಅದರ ಮೇಲೆ ಎಳ್ಳು, ಎಲ್ಲವನ್ನೂ ಎಣ್ಣೆಯಲ್ಲಿ ಕರಿದದ್ದು. ದೋಸೆಯ ಆಸೆ ಅಲ್ಲಿಗೇ ಮುಗಿಯಿತು. ಆದರೆ ಆ ತುಂಡು ಕಚ್ಚಿದಾಗ ಬಂದ ಕುರುಕು ಸದ್ದು ಇನ್ನೂ ನೆನಪಿದೆ.

ಇಲ್ಲಿನ ಕ್ಯಾಂಟೊನೀಸ್ ಭಾಷೆಯಲ್ಲಿ ಹಾ ಅಂದರೆ ಸಿಗಡಿ, ತೋಸಿ ಅಂದರೆ ಟೋಸ್ಟ್. ಬಸ್ಸಿಗೆ ಇವರು ಪಾಸಿ ಅನ್ನುತ್ತಾರೆ, ಟ್ಯಾಕ್ಸಿಗೆ ತಿಕ್ಸಿ. ನಾವು ಬಸ್ಸು, ಕಾರು, ಬ್ರೆಡ್ಡು ಅಂತ ಕೊನೆಗೊಂದು ಉಕಾರ ಸೇರಿಸಿ ಇಂಗ್ಲಿಷನ್ನು ಮನೆಯೊಳಗೆ ಕರೆದುಕೊಂಡ ಹಾಗೆ ಇವರೂ ತಮಗೆ ಬೇಕಾದ ಹಾಗೆ ಬಾಲ ಕಟ್ಟಿಕೊಂಡಿದ್ದಾರೆ. ಬ್ರೆಡ್ಡು ಬಂದದ್ದು ಬ್ರಿಟಿಷರ ಕಾಲದಲ್ಲಿ. ಬಂದ ಮೇಲೆ ಅದನ್ನು ಇವರು ತಮ್ಮದೇ ಬಗೆಯಲ್ಲಿ ಕರಿದುಕೊಂಡರು. ಎರಡು ಸ್ಲೈಸಿನ ನಡುವೆ ಕಡಲೆಕಾಯಿ ಬೆಣ್ಣೆ ಹಚ್ಚಿ, ಮೊಟ್ಟೆಯಲ್ಲದ್ದಿ, ಎಣ್ಣೆಗೆ ಬಿಟ್ಟು ಮಾಡುವ "ಸೈ ತೋಸಿ" ಅಂತ ಇನ್ನೊಂದಿದೆ. ಅದನ್ನು ತಿಂದ ದಿನ ರಾತ್ರಿ ಊಟ ಬೇಡ.

ನಾನು ಕುಂದಾಪುರದವನು. ನಮ್ಮಲ್ಲಿ ಸಿಗಡಿಗೆ ಚಟ್ಲಿ ಅನ್ನುತ್ತೇವೆ, ತುಳುವಿನವರು ಎಟ್ಟಿ ಅನ್ನುತ್ತಾರೆ. ಚಟ್ಲಿ ಎಂದರೆ ನಮ್ಮ ತಲೆಯಲ್ಲಿ ತಕ್ಷಣ ಮೂಡುವುದು ತೆಂಗಿನಕಾಯಿ ತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಳ್ಳುಳ್ಳಿ. ಹುರಿದು ಅರೆಯುವುದಕ್ಕೆ ಒಂದು ಗಂಟೆ ಹೋಗುತ್ತದೆ, ಚಟ್ಲಿ ಒಲೆಯ ಮೇಲಿರುವುದು ಹತ್ತೇ ನಿಮಿಷ. ಕಷ್ಟವೆಲ್ಲ ಮಸಾಲೆಯದು. ಇಲ್ಲಿ ಲೆಕ್ಕ ತಲೆಕೆಳಗು. ಮಸಾಲೆ ಅಂತ ಹಾಕುವುದು ಉಪ್ಪು, ಚಿಟಿಕೆ ಸಕ್ಕರೆ, ಬಿಳಿ ಕಾಳುಮೆಣಸಿನ ಪುಡಿ, ಒಂದು ಚಮಚ ಎಳ್ಳೆಣ್ಣೆ. ಉಳಿದ ದುಡಿಮೆಯೆಲ್ಲ ಸಿಗಡಿಯ ಮೈಮೇಲೆ.

ಆ ದುಡಿಮೆ ಏನೆಂದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಮೊದಲು ಮಿಕ್ಸಿಗೆ ಹಾಕಿ ತಿರುಗಿಸಿಬಿಟ್ಟೆ. ಬ್ರೆಡ್ಡಿಗೆ ಹಚ್ಚಿ ಕರಿದರೆ ಒಳಗೆ ಮೆತ್ತನೆ ಪೇಸ್ಟು, ಮೀನಿನ ಚಟ್ನಿ ಬೇಯಿಸಿಟ್ಟ ಹಾಗೆ. ದಾರಿ ತೋರಿಸಿದವರು ಪಕ್ಕದ ಮನೆಯ ಅಜ್ಜಿ. ಇಲ್ಲಿ ಅಜ್ಜಿಯನ್ನು "ಪೋ ಪೋ" ಅಂತ ಕರೆಯಬೇಕು. ತುಳು ಬಲ್ಲವರಿಗೆ ಇದು ಹೋಗು ಹೋಗು ಅಂತ ಕೇಳಿಸುತ್ತದೆ, ಮೊದಮೊದಲು ಕರೆಯಲು ನನಗೇ ಸಂಕೋಚ.

ಪೋ ಪೋ ಮಾಡುವುದು ಹೀಗೆ. ಸುಲಿದು ಕರುಳೆಳೆ ತೆಗೆದ ಸಿಗಡಿ ಅರ್ಧ ಕ್ಯಾಟಿ. ಇಲ್ಲಿನ ಸಂತೆಯಲ್ಲಿ ಇನ್ನೂ ಕ್ಯಾಟಿ ಲೆಕ್ಕವೇ ನಡೆಯುತ್ತದೆ. ಒಂದು ಕ್ಯಾಟಿ ಸುಮಾರು 605 ಗ್ರಾಂ, ಅದರೊಳಗೆ 16 ಟೇಲ್, ನಮ್ಮ ಹಳೆಯ ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ಸಿಗಡಿಗೆ ಒಂದಿಷ್ಟು ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಮತ್ತು ಉಪ್ಪು ಹಾಕಿ ಉಜ್ಜಿ, ತಣ್ಣೀರಲ್ಲಿ ಎರಡು ಸಲ ತೊಳೆದು, ಬಟ್ಟೆಯಲ್ಲಿ ಸುತ್ತಿ ಒಂದು ಹನಿ ನೀರಿಲ್ಲದ ಹಾಗೆ ಒರೆಸುತ್ತಾರೆ. ಆಮೇಲೆ ಫ್ರಿಜ್ಜಿಗೆ. ತಣ್ಣಗಾದ ಮೇಲೆ ಅಗಲ ಕತ್ತಿಯ ಮೈಯಿಂದ ಒಂದೊಂದನ್ನೇ ಮಣೆಯ ಮೇಲೆ ಜಜ್ಜಿ, ಕತ್ತಿಯ ಬೆನ್ನಿನಿಂದ ನಾಲ್ಕು ಏಟು ಹಾಕಿ ಕೊಚ್ಚುತ್ತಾರೆ. ಕಾಲು ಭಾಗವನ್ನು ದಪ್ಪ ತುಂಡಾಗಿಯೇ ಬಿಡುತ್ತಾರೆ. ಉಪ್ಪು ಬಿದ್ದ ಮೇಲೆ ಒಂದೇ ದಿಕ್ಕಿನಲ್ಲಿ ಕಲಸಬೇಕು, ನಡುನಡುವೆ ಇಡೀ ಮುದ್ದೆಯನ್ನು ಕೈಯಲ್ಲೆತ್ತಿ ಪಾತ್ರೆಯ ತಳಕ್ಕೆ ಪಟಾರನೆ ಎಸೆಯಬೇಕು. ಇಪ್ಪತ್ತು ಮೂವತ್ತು ಸಲ. ಕೆಳಗಿನ ಮನೆಯವರು ಬಾಗಿಲು ತಟ್ಟದಿದ್ದರೆ ಪುಣ್ಯ.

ಇದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಅಮ್ಮ ಉದ್ದಿನ ವಡೆಯ ಹಿಟ್ಟು ಕೈಯಲ್ಲಿ ಬಡಿಯುತ್ತಿದ್ದದ್ದು. ಅಲ್ಲಿ ಹಿಟ್ಟಿಗೆ ಗಾಳಿ ತುಂಬುವ ಕೆಲಸ. ಚೂರು ಹಿಟ್ಟನ್ನು ನೀರಿಗೆ ಹಾಕಿದರೆ ತೇಲಬೇಕು. ಇಲ್ಲಿ ಗಾಳಿ ಬೇಡ, ಅಂಟು ಬೇಕು. ಉಪ್ಪು ಸಿಗಡಿಯ ಮಾಂಸದಿಂದ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆಯುತ್ತದೆ. ಬಡಿದಷ್ಟೂ ಅದು ಅಂಟಂಟಾಗಿ ಮುದ್ದೆಯನ್ನು ಹಿಡಿದುಕೊಳ್ಳುತ್ತದೆ, ಬೇಯುವಾಗ ಬಲೆಯ ಹಾಗೆ ಹೆಣೆದುಕೊಂಡು ರಸ ಹೊರಗೆ ಹರಿಯದಂತೆ ತಡೆಯುತ್ತದೆ. ಬೆಚ್ಚಗಾದರೆ ಕೆಟ್ಟಿತು, ಅದಕ್ಕೇ ಫ್ರಿಜ್ಜು. ಇವರು ಇದಕ್ಕೆ "ಹೇ ಕಾವ್" ಅನ್ನುತ್ತಾರೆ, ಅಂಟು ಏಳುವುದು ಅಂತ. ಆಯಿತೋ ಇಲ್ಲವೋ ನೋಡಲು ಪಾತ್ರೆಯನ್ನು ತಲೆಕೆಳಗು ಮಾಡಿದರೆ ಸಾಕು, ಮುದ್ದೆ ಬೀಳಬಾರದು. ಇಷ್ಟು ಮಾಡಿದ ಸಿಗಡಿ ಹಲ್ಲಿಗೆ ಸಿಕ್ಕಾಗ ಪುಟಿಯುತ್ತದೆ. ಆ ಪುಟಿತಕ್ಕೆ "ತಾನ್ ಙಾ" ಅಂತ ಹೆಸರು, ಙಾ ಅಂದರೆ ಹಲ್ಲು. ಒಂದನೇ ಕ್ಲಾಸಿನಲ್ಲಿ ಕಖಗಘಙ ಬರೆದೂ ಬರೆದೂ ಎಲ್ಲಿಯೂ ಬಳಸದೆ ಬಿಟ್ಟ ಆ ಅಕ್ಷರ ನನಗೆ ಕೆಲಸಕ್ಕೆ ಬಂದದ್ದು ಇಲ್ಲೇ.

ದೋಸೆಗೆ ಗರಿಗರಿ, ಚಕ್ಕುಲಿಗೆ ಕುರುಕುರು, ಹಪ್ಪಳಕ್ಕೆ ಕರುಂಕುರುಂ. ಇವಕ್ಕೆಲ್ಲ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಸಿಗಡಿ ಹಲ್ಲಿಗೆ ಹೇಗಿರಬೇಕು ಅನ್ನುವುದಕ್ಕೆ ಒಂದು ಪದ ಹುಡುಕಿ ಸೋತೆ. ಚಟ್ಲಿ ಸುಕ್ಕ ತಿಂದು ನಾವು ಹೊಗಳುವುದು ಮಸಾಲೆಯನ್ನು. ಚಟ್ಲಿ ರಬ್ಬರಾಗಿದ್ದರೂ ಮಸಾಲೆ ಚೆನ್ನಾಗಿದ್ದರೆ ತಟ್ಟೆ ಖಾಲಿ. ಇದನ್ನು ಬರೆಯುತ್ತಿರುವ ನಾನೂ ಆ ಪೈಕಿಯೇ.

ಹಾಗಾಗಿ ನಮ್ಮವರು ಮನೆಗೆ ಬಂದು ಹಾ ತೋಸಿ ತಿಂದು "ಚೆನ್ನಾಗಿದೆ, ಆದರೆ ಸಪ್ಪೆ" ಅಂದಾಗ ನನಗೆ ಸಿಟ್ಟು ಬರುವುದು. ಮುಂದಿನ ಮಾತು ಯಾವಾಗಲೂ ಒಂದೇ, ಸ್ವಲ್ಪ ಹಸಿಮೆಣಸು, ಶುಂಠಿ-ಬೆಳ್ಳುಳ್ಳಿ ಪೇಸ್ಟು, ಒಂಚೂರು ಗರಂ ಮಸಾಲೆ. ಹಾಕಿ ನೋಡಿದ್ದೇನೆ. ಪೇಸ್ಟಿನ ನೀರಿಗೆ ಅಂಟು ಸಡಿಲಾಗುತ್ತದೆ, ಮೆಣಸಿನ ಚೂರು ಕಪ್ಪಾಗುತ್ತದೆ, ಸಿಗಡಿಯ ಸಣ್ಣ ಸಿಹಿ ಎಲ್ಲೋ ಮುಳುಗಿ ಹೋಗುತ್ತದೆ. ಕೈಗೆ ಬರುವುದು ದುಬಾರಿ ಬ್ರೆಡ್ ಬಜ್ಜಿ. ಬ್ರೆಡ್ ಬಜ್ಜಿಯೇ ಬೇಕಿದ್ದರೆ ಆಲೂಗಡ್ಡೆಯಲ್ಲಿ ಮಾಡಬಹುದಲ್ಲ.

ಹಾಗಂತ ತಿಂಡಿಯನ್ನು ಯಾರೂ ಮುಟ್ಟಲೇಬಾರದು ಅನ್ನುವ ಮಡಿವಂತ ನಾನಲ್ಲ. ಇದೇ ಹಾ ತೋಸಿ ಜಪಾನಿನ ನಾಗಸಾಕಿಗೆ ಹೋಗಿ "ಹಾತೋಷಿ" ಆಗಿದೆ. ಅಲ್ಲಿ ಸಿಗಡಿ ಮುದ್ದೆಯನ್ನು ಎರಡು ಬ್ರೆಡ್ಡಿನ ನಡುವೆ ಇಟ್ಟು ಕರಿಯುತ್ತಾರೆ. ಥಾಯ್ಲೆಂಡಿನಲ್ಲಿ ಕೊತ್ತಂಬರಿ ಬೇರು ಜಜ್ಜಿ ಹಾಕಿ, ಪಕ್ಕದಲ್ಲಿ ಸಿಹಿಹುಳಿ ಸೌತೆಕಾಯಿ ಕೊಡುತ್ತಾರೆ. ಅದನ್ನು ತಿಂದಾಗ ನನ್ನ ವಾದ ಸ್ವಲ್ಪ ಅಲ್ಲಾಡಿದ್ದು ನಿಜ. ಆದರೂ ಬಾಯಿಗೆ ಮೊದಲು ಸಿಕ್ಕಿದ್ದು ಸಿಗಡಿಯೇ. ನನ್ನ ತಕರಾರು ಖಾರದ ಮೇಲಲ್ಲ. ಖಾರವನ್ನು ಪಕ್ಕದ ಬಟ್ಟಲಿನಲ್ಲಿಡಿ, ಅದ್ದಿಕೊಂಡು ತಿನ್ನಿ. ನಾನೂ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ವಿನೆಗರ್ ಅರೆದು ಇಟ್ಟುಕೊಳ್ಳುತ್ತೇನೆ.

ನಮ್ಮ ಅಭ್ಯಾಸ ನನಗೆ ಕೈಕೊಟ್ಟ ಇನ್ನೊಂದು ಜಾಗ ಬಾಣಲೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರಾ ಟೋಸ್ಟ್ ತಿಂದು ಬೆಳೆದ ಯಾರಿಗಾದರೂ ಬ್ರೆಡ್ಡು ಕೆಳಗೆ, ಪಲ್ಯ ಮೇಲೆ. ಮೊದಲ ಸಲ ಹಾಗೇ ಎಣ್ಣೆಗೆ ಬಿಟ್ಟೆ. ಸಿಗಡಿ ಬೇಯುವಷ್ಟರಲ್ಲಿ ಬ್ರೆಡ್ಡು ಎಣ್ಣೆ ಕುಡಿದು ಕಂದಿತ್ತು. ಸಿಗಡಿಯ ಮುಖ ಕೆಳಗೆ ಮಾಡಿ ಬಿಡಬೇಕು. ಎಣ್ಣೆ 160ರಿಂದ 170 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ನಾವು ಚೂರು ಹಿಟ್ಟು ಬಿಟ್ಟು ನೋಡುವ ಹಾಗೆ ಇವರು ಮರದ ಕಡ್ಡಿ ಅದ್ದಿ ನೋಡುತ್ತಾರೆ, ಸುತ್ತ ಸಣ್ಣ ಗುಳ್ಳೆ ಏಳಬೇಕು. ಎರಡು ನಿಮಿಷವಾದ ಮೇಲೆ ಮಗುಚಿ, ಬ್ರೆಡ್ಡಿನ ಕಡೆಗೆ ಅರ್ಧ ನಿಮಿಷ ಸಾಕು. ಬ್ರೆಡ್ಡು ನಿನ್ನೆಯದಾಗಿರಲಿ, ಅಂಚು ತೆಗೆದಿರಲಿ, ಮುಖ್ಯವಾಗಿ ಸಿಹಿ ಕಡಿಮೆ ಇರಲಿ. ಇಲ್ಲಿನ ಹತ್ತಿಯಂಥ ಹಾಲಿನ ಬ್ರೆಡ್ಡು ಚಹಾಕ್ಕೆ ಸ್ವರ್ಗ, ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಕಪ್ಪು. ತೆಗೆದ ಮೇಲೆ ಪೇಪರಿನ ಮೇಲೆ ಒಂದರ ಮೇಲೊಂದು ಪೇರಿಸುವ ನಮ್ಮ ಬಜ್ಜಿ ಬುದ್ಧಿ ಬಿಡಬೇಕು, ಹಬೆಗೆ ಎಲ್ಲ ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಓರೆಯಾಗಿ ನಿಲ್ಲಿಸಿದರೆ ಎಣ್ಣೆಯೂ ಇಳಿಯುತ್ತದೆ, ಗರಿಯೂ ಉಳಿಯುತ್ತದೆ.

ಇವರದೆಲ್ಲ ಸರಿ, ನಮ್ಮದೆಲ್ಲ ತಪ್ಪು ಅಂತೇನಿಲ್ಲ. ಸಿಗಡಿ ಇನ್ನಷ್ಟು ಪುಟಿಯಲಿ ಅಂತ ಇಲ್ಲಿ ಕೆಲವರು ಅಡುಗೆ ಸೋಡಾ ಹಾಕಿ ನೆನೆಸಿ, ನಲ್ಲಿಯ ಕೆಳಗಿಟ್ಟು ತೊಳೆಯುತ್ತಾರೆ. ಕಚ್ಚಲು ಚೆನ್ನ, ರುಚಿ ಮಾತ್ರ ಚರಂಡಿ ಪಾಲು. ಮನೆಯಲ್ಲಿ ಅದು ಬೇಡ. ಸಿಪ್ಪೆ, ತಲೆ ಕಸದ ಬುಟ್ಟಿಗೆ ಹಾಕುವುದನ್ನಂತೂ ನನ್ನಿಂದ ನೋಡಲಾಗುವುದಿಲ್ಲ. ನಾನು ಅವನ್ನು ಹುರಿದು ಕುದಿಸಿ, ಸೋಸಿ, ಹುಣಸೆ ಮತ್ತು ಮೆಣಸು ಹಾಕಿ ಸಾರು ಮಾಡುತ್ತೇನೆ. ಒಂದು ಲೋಟ ಪೋ ಪೋ ಮನೆಗೂ ಹೋಗುತ್ತದೆ. ಹುಳಿಗೆ ಮುಖ ಕಿವಿಚಿದರೂ ಲೋಟ ಖಾಲಿಯಾಗಿಯೇ ವಾಪಸು ಬರುತ್ತದೆ.

ಮುದ್ದೆಗೆ ಸೇರಬೇಕಾದ್ದು ಇನ್ನೆರಡಿದೆ. ಒಂದು ನೀರಿನ ಗಡ್ಡೆ, ಅಂದರೆ ಇಂಗ್ಲಿಷಿನ ವಾಟರ್ ಚೆಸ್ಟ್‌ನಟ್, ಇವರ ಭಾಷೆಯಲ್ಲಿ ಕುದುರೆ ಗೊರಸು. ಸಣ್ಣಗೆ ಹೆಚ್ಚಿ ಹಾಕಿದರೆ ನಡುನಡುವೆ ತಣ್ಣಗೆ ಕುರುಕ್ ಅನ್ನುತ್ತದೆ. ಉತ್ತರ ಭಾರತದಲ್ಲಿ ಉಪವಾಸಕ್ಕೆ ಹಿಟ್ಟು ಮಾಡುವ ಸಿಂಘಾಡ ಇದಲ್ಲ, ಅದು ಬೇರೆ ಗಿಡ. ಸಿಗದಿದ್ದರೆ ಬಿಟ್ಟುಬಿಡಿ. ಇನ್ನೊಂದು ಹಂದಿಯ ಕೊಬ್ಬು. ಅರ್ಧ ಕ್ಯಾಟಿ ಸಿಗಡಿಗೆ ಒಂದು ಟೇಲ್‌ನಷ್ಟು. ಇಲ್ಲದಿದ್ದರೆ ಮುದ್ದೆ ಒಣ ಒಣ. ನಮ್ಮ ಮನೆಯಲ್ಲಿ ಹಂದಿ ನಡೆಯುವುದಿಲ್ಲ. ಬೆಣ್ಣೆ ಹಾಕಿ ನೋಡಿದೆ, ಬಿಸ್ಕತ್ತಿನ ವಾಸನೆ ಬಂತು. ಒಂದು ಜನವರಿಯಲ್ಲಿ ಅಡುಗೆಮನೆಯ ತೆಂಗಿನೆಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಚೂರಿಯಲ್ಲಿ ಕೆರೆದು ಹಾಕಿದೆ. ಕರಿದಾಗ ಕರಗಿ ಸಿಗಡಿಯೊಳಗೇ ಉಳಿಯಿತು, ಘಮ ಸ್ವಲ್ಪ ಊರಿನದು. ಪೋ ಪೋ ಒಂದು ತುಂಡು ತಿಂದು, ಇದು ಹಾ ತೋಸಿ ಅಲ್ಲ ಅಂದರು. ಆಮೇಲೆ ಇನ್ನೊಂದು ತೆಗೆದುಕೊಂಡರು.

ಇದನ್ನೆಲ್ಲ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಎಂತದಾ ಅದ್, ಚಟ್ಲಿ ಜಜ್ಜಿ ಬ್ರೆಡ್ಡಿಗ್ ಮೆತ್ತೂದಾ?" ಅಂದಳು. ಆದರೂ ಅಳತೆ ಬರೆದುಕೊಂಡಿದ್ದಾಳೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗಸ್ಟಿನಲ್ಲಿ ಬೋಟು ಬಂದ ಮೇಲೆ ಮಾಡುತ್ತಾಳಂತೆ. ಕೊಬ್ಬಿನ ಬದಲು ತೆಂಗಿನೆಣ್ಣೆಯೇ ಸಾಕು, ಆದರೆ ಕುಂದಾಪುರದ ಸೆಕೆಗೆ ಅದು ತಾನಾಗಿ ಗಟ್ಟಿಯಾಗುವುದಿಲ್ಲ, ಒಂದು ಬಟ್ಟಲಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಡು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಫ್ರಿಜ್ಜಂಗ್ ಎಣ್ಣಿ ಇಡೂದಾ?"